ಗೇರ್‌ಬಾಕ್ಸಿಗೆ ಹಿಡಿದ ಕೋಲು

ಮೋಟಾರು ಕಾರಿನ ಗೇರ್‌ಬಾಕ್ಸು ಒಳಗೆ ಹೇಗಿರುತ್ತದೆ ಎಂದು ನಾನು ಮೊದಲು ಕಂಡದ್ದು ಅವ್ವನ ಅಡುಗೆಮನೆಯಲ್ಲಿ. ಅಕ್ಕಿ ಕೇರುವ ಗೆರಸೆಯ ಮೇಲೆ ಹಲ್ಲಿನ ಚಕ್ರಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು, ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕೂತವರ ಹಾಗೆ. ಮೊಮ್ಮಗಳು ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಒಂದು ತಿಂಗಳಾಯಿತು. ಚಿಕ್ಕಂದಿನ ಮನೆಯ ಬಗ್ಗೆ ಬರಿ ಅಜ್ಜಿ, ಅಡುಗೆ, ಹಬ್ಬ, ಎಲ್ಲ ಬರಿ ಅನ್ನುತ್ತಾಳೆ. ಅವಳಿಗೆ ಎಳೆ ಬಿದಿರಿನ ಕಣಿಲೆ ಸಾರು ಬೇಕು, ಹಬ್ಬದ ಹೂವು ಬೇಕು. ಕೊಡುತ್ತೇನೆ. ಆದರೆ ನನ್ನ ನೆನಪಿನ ಕಣಿಲೆ ಸಾರಿಗೂ ಗೇರ್ ಎಣ್ಣೆಯ ವಾಸನೆ ಇದೆ. ಅದಕ್ಕೆ ನಾನೇನು ಮಾಡಲಿ.

ಕೊಡಗಿನ ಮೂರ್ನಾಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಬಿಳಿ ದೊರೆಯ ಡ್ರೈವರಾಗಿದ್ದ. ಡ್ರೈವರ್ ಅಂದರೆ ಆಗ ಓಡಿಸುವವನೂ ಅವನೇ, ಬಿಚ್ಚಿ ಕಟ್ಟುವವನೂ ಅವನೇ. ಕಾರಿನ ಶೆಡ್ಡಿಗೆ ಅಂಟಿಕೊಂಡೇ ನಮಗೊಂದು ಮನೆ ಕೊಟ್ಟಿದ್ದರು. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೂ ಶೆಡ್ಡಿಗೂ ನಡುವಿನ ಗೋಡೆ ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಅದರ ಮೇಲಿಂದ ಮಾಡಿನವರೆಗೆ ಬರೀ ಗಾಳಿ. ಅವ್ವನ ಒಗ್ಗರಣೆ ಆ ಕಡೆಗೆ ಹೋಗುತ್ತಿತ್ತು, ಅಪ್ಪನ ಸೀಮೆಎಣ್ಣೆ ಈ ಕಡೆಗೆ ಬರುತ್ತಿತ್ತು. ಹಿಂದಿನ ಕೋಣೆಯ ಮೂಲೆಯಲ್ಲಿ ದೇವರು, ದೇವರ ಪಕ್ಕದಲ್ಲಿ ಅಜ್ಜನ ಕಾಲದ ಕೋವಿ. ಅಪ್ಪನಿಗೆ ಸಂಬಳಕ್ಕಿಂತ ಆ ಮನೆ ದೊಡ್ಡದು. ಹುಟ್ಟಿದ ಮನೆಯಲ್ಲಿ ಅಣ್ಣಂದಿರೊಡನೆ ಜಗಳವಾಡಿ, ಇನ್ನು ನಿಮ್ಮ ಅಂಗಳ ತುಳಿಯುವುದಿಲ್ಲ ಎಂದು ಹೇಳಿ ಬಂದವನು. ಕೆಲಸ ಹೋದರೆ ಮನೆ ಹೋಗುತ್ತದೆ, ಮನೆ ಹೋದರೆ ಅವ್ವನ ತವರಿನವರ ಕೈ ನೋಡಬೇಕು. ಈ ಲೆಕ್ಕ ಎಂಟು ವರ್ಷಕ್ಕೇ ನನಗೆ ಗೊತ್ತಿತ್ತು. ಅವ್ವ ಸಿಟ್ಟು ಬಂದಾಗಲೆಲ್ಲ ಅದನ್ನು ಜೋರಾಗಿ ಹೇಳುತ್ತಿದ್ದಳು.

ಜೋರಾಗಿ ಹೇಳಿದರೂ ಅಪ್ಪನಿಗೆ ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮೂರು ವರ್ಷ ಮೇಲಿಂದ ಮೇಲೆ ಅವನಿಗೆ ಚಳಿಜ್ವರ ಬಂತು. ಪ್ರತಿ ಸಲವೂ ಕ್ವಿನೈನ್ ನುಂಗಿದ. ಜ್ವರ ಇಳಿಯಿತು, ಕಿವಿಯೊಳಗೆ ಜೀರುಂಡೆ ಕೂತಿತು. ಮೊದಲು ಜೀರುಂಡೆ ಮಾತ್ರ ಕೇಳುತ್ತದೆ ಅನ್ನುತ್ತಿದ್ದ, ಆಮೇಲೆ ಅದೂ ಸುಮ್ಮನಾಯಿತು. ನಮ್ಮವರಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, "ಕೇಳ್ತಾ" ಎಂದೇ ಕರೆಯುವುದು. ಅವ್ವ ಮಾತ್ರ ಆ ಅಭ್ಯಾಸ ಬಿಡಲೇ ಇಲ್ಲ. ಹಗಲು ಹತ್ತು ಸಲ ಆ ಕಿವುಡನನ್ನು "ಕೇಳ್ತಾ, ಕೇಳ್ತಾ" ಎಂದು ಕೂಗುವಳು. ಎದುರಿಗೆ ನಿಂತವರ ತುಟಿ ನೋಡಿ ಅಪ್ಪ ಮಾತು ಹಿಡಿಯುತ್ತಿದ್ದ. ದೊರೆಯ ತುಟಿ ಮಾತ್ರ ಅವನ ದಪ್ಪ ಮೀಸೆಯ ಹಿಂದೆ ಅಡಗಿತ್ತು.

ಆ ಕಾಲದ ಕಾರಿನ ಗೇರನ್ನು ಈಗಿನವರ ಹಾಗೆ ಹಾಡು ಕೇಳುತ್ತ ಬದಲಿಸಲಾಗುತ್ತಿರಲಿಲ್ಲ. ಕ್ಲಚ್ ಒತ್ತಿ ಗೇರ್ ತೆಗೆಯಬೇಕು, ಕ್ಲಚ್ ಬಿಡಬೇಕು, ಇಂಜಿನಿನ ಸದ್ದು ಸರಿಯಾದ ಮಟ್ಟಕ್ಕೆ ಬಂತೆಂದು ಕಿವಿ ಹೇಳಿದ ಕ್ಷಣ ಮತ್ತೆ ಕ್ಲಚ್ ಒತ್ತಿ ಮುಂದಿನದಕ್ಕೆ ಹಾಕಬೇಕು. ಒಂದು ಉಸಿರು ಹೆಚ್ಚು ಕಮ್ಮಿಯಾದರೂ ಹಲ್ಲಿಗೆ ಹಲ್ಲು ತಾಗಿ ಕಿರುಚುತ್ತದೆ. ಕಿವಿ ಇಲ್ಲದವನಿಗೆ ಆ ಕ್ಷಣ ಗೊತ್ತಾಗುವುದು ಹೇಗೆ? ಅದಕ್ಕೇ ನಾನು. ಮೂರ್ನಾಡಿನ ಶಾಲೆಯಲ್ಲಿ ಎರಡನೇ ಕ್ಲಾಸಿನಲ್ಲಿದ್ದವಳನ್ನು ಬಿಡಿಸಿ ಅಪ್ಪ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಗೇಟು ತೆಗೆಯಲು, ಏರಿನಲ್ಲಿ ಕಾರು ನಿಂತರೆ ಜಿಗಿದು ಹಿಂದಿನ ಚಕ್ರದಡಿ ಮರದ ತುಂಡು ಕೊಡಲು ಮಗಳು ಬೇಕು ಎಂದು ದೊರೆಗೆ ಹೇಳಿದ್ದಾಯಿತು. ನಿಜವಾದ ಕೆಲಸ ನನ್ನ ಬೆರಳಿನದು. ಇಂಜಿನಿನ ಸದ್ದು ಹದಕ್ಕೆ ಬಂದ ಕೂಡಲೇ ಅಪ್ಪನ ತೊಡೆಗೆ ಒಂದು ತಟ್ಟು. ಅವನ ಕೈ ಗೇರ್ ಕೋಲನ್ನು ಎಳೆಯುತ್ತಿತ್ತು. ಹಿಂದೆ ಕೂತ ದೊರೆಗೂ ದೊರೆಸಾನಿಗೂ ಏನೂ ಕಾಣುತ್ತಿರಲಿಲ್ಲ.

ಸುಳ್ಳು ಹೇಳುವುದನ್ನು ನನಗೆ ಕಲಿಸಿದ್ದು ಅಪ್ಪನೇ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮಂಗಳೂರು ಕಡೆಯವರು, ಅವರ ಕಣ್ಣು ಬಹಳ ಚುರುಕು. ಒಮ್ಮೆ ಬಾನೆಟ್ಟಿನೊಳಗೆ ತಲೆ ಹಾಕಿದ್ದ ಅಪ್ಪನ ಬೆನ್ನ ಹಿಂದೆ ನಿಂತು ಕೂಗಿದರು.

"ಎಂತ ಮಾರಾಯ, ಮೂರು ಸಲ ಕರೆದೆ. ಕಿವಿ ಅಡ ಇಟ್ಟಿದ್ದೀಯಾ?"

"ಅಪ್ಪ ಇಂಜಿನಿನ ಸದ್ದು ಕೇಳ್ತಿದ್ದಾರೆ ರೈಟರೇ. ನಡುವೆ ಮಾತಾಡಿದರೆ ಬೈತಾರೆ."

"ಹೌದಾ? ಅಷ್ಟು ಸೂಕ್ಷ್ಮ ಕಿವಿಯಾ ನಿನ್ನ ಅಪ್ಪಂದು?"

"ಹೌದು. ನಿಮ್ಮ ಹೊಟ್ಟೆ ಗುರುಗುಟ್ಟಿದ್ದೂ ಕೇಳ್ತದೆ."

ರಾತ್ರಿ ಊಟಕ್ಕೆ ಕೂತಾಗ ಅವ್ವ ಇದನ್ನು ಅಪ್ಪನಿಗೆ ತುಟಿ ಕುಣಿಸಿ ಹೇಳಿದಳು. ಅಪ್ಪ ನಕ್ಕು ತನ್ನ ತಟ್ಟೆಯ ಹಂದಿ ತುಂಡೊಂದನ್ನು ನನ್ನ ಅಕ್ಕಿರೊಟ್ಟಿಯ ಮೇಲೆ ಇಟ್ಟ. ಸುಳ್ಳಿಗೆ ಸಿಕ್ಕಿದ ಆ ತುಂಡಿನ ರುಚಿ ನನಗೆ ಇವತ್ತಿಗೂ ನೆನಪಿದೆ. ಮಾರನೆಯ ಬೆಳಿಗ್ಗೆ, ಶಾಲೆಗೆ ಹೊರಟ ಕೂಲಿಯವರ ಲೈನುಮನೆಯ ಮಕ್ಕಳು ಸ್ಲೇಟು ಬಡಿಯುತ್ತ ಶೆಡ್ಡಿನ ಮುಂದೆ ಹೋಗುವುದನ್ನು ನೋಡುತ್ತ ನಾನು ಚಕ್ರ ತೊಳೆದದ್ದೂ ನೆನಪಿದೆ.

ನನ್ನ ಬೆರಳು ಬರುವ ಮೊದಲೇ ಅಪ್ಪ ಗೇರುಗಳನ್ನು ಸಾಕಷ್ಟು ಸವೆಸಿದ್ದ. ಅವನಿಗಿಂತ ಹಿಂದಿನ ಡ್ರೈವರನೂ ಸವೆಸಿದ್ದನಂತೆ. ಏರಿನಲ್ಲಿ ಎರಡನೇ ಗೇರು ತಾನಾಗಿ ಬಿಟ್ಟುಹೋಗುತ್ತಿತ್ತು. ಒಂದು ದಿನ ದೊರೆ ಶೆಡ್ಡಿಗೇ ಬಂದ.

"ಡ್ರೈವರ್, ಗೇರ್ ಹಂದಿ ಹಾಗೆ ಕೂಗುವುದು. ಸರಿ ಮಾಡು. ಇಲ್ಲ ಅಂದರೆ ಬೇರೆ ಡ್ರೈವರ್ ನೋಡುವುದು."

ಮೀಸೆಯ ಹಿಂದಿನ ಮಾತನ್ನು ನಾನು ಅಪ್ಪನಿಗೆ ದಾಟಿಸಿದೆ. "ಬೇರೆ ಡ್ರೈವರ್" ಎನ್ನುವುದನ್ನು ದಾಟಿಸಲಿಲ್ಲ. ದೊರೆಯ ಮುಖ ನೋಡಿ ಅವನಿಗೇ ಗೊತ್ತಾಯಿತು.

ಗೇರ್‌ಬಾಕ್ಸು ಇಳಿಯಿತು. ತಳದ ಬೋಲ್ಟು ಬಿಚ್ಚಿ ಎಣ್ಣೆಯನ್ನು ತಗಡಿನ ಡಬ್ಬಕ್ಕೆ ಬಿಟ್ಟಾಗ ಅದು ಎಣ್ಣೆಯ ಹಾಗೆ ಇಳಿಯಲಿಲ್ಲ, ಗಂಜಿಯ ಹಾಗೆ ಇಳಿಯಿತು. ಅಪ್ಪ ಎರಡು ಬೆರಳಿನ ನಡುವೆ ತಿಕ್ಕಿ, ಮೂಸಿ ನೋಡಿ, ನನ್ನ ಅಂಗೈಗೆ ಒರೆಸಿದ. ಕಪ್ಪು ಎಣ್ಣೆಯಲ್ಲಿ ಉಕ್ಕಿನ ಮಿನುಗು. ಜೊತೆಗೆ ಮೆತ್ತಗಿನ ಏನೋ ಒಂದು.

"ಮರದ ಹೊಟ್ಟು," ಅಂದ ಅಪ್ಪ. "ಸದ್ದು ಕೇಳ್ಬಾರ್ದು ಅಂತ ಹಿಂದಿನವ ತುಂಬ್ಸಿಟ್ಟಿದ. ಸದ್ದು ಮುಚ್ಚಿರೆ ಹಲ್ಲು ಗಟ್ಟಿ ಆತ್ತಾ? ಇವ ಡ್ರೈವರ್ ಅಲ್ಲ ಗೂಡೆ, ಕಳ್ಳ."

ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಅನ್ನುತ್ತಾರೆ. ಅಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದು ಕಮ್ಮಿ.

ಯುದ್ಧದ ಕಾಲ. ಹೊಸ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಮಡಿಕೇರಿಯಲ್ಲಿ ಮುರಿದು ಬಿದ್ದಿದ್ದ ಅದೇ ಜಾತಿಯ ಕಾರೊಂದರಿಂದ ಎರಡನೇ ಗೇರು, ಮೂರನೇ ಗೇರು, ಎರಡು ಬೇರಿಂಗು ಬಂದವು. ಕೆಳಗಿನ ಶಾಫ್ಟಿನ ಹಿಂದಿನ ಬೇರಿಂಗು ಮಾತ್ರ ಅಲ್ಲಿಯೂ ಒಡೆದುಹೋಗಿತ್ತು. ಹಳೆಯದನ್ನೇ ತೊಳೆದು ಹಾಕಬೇಕಾಯಿತು. ಆ ದಿನಗಳಲ್ಲಿ ಅಪ್ಪ ನನಗೊಂದು ಮಾತು ಕೊಟ್ಟ. ಸವೆದ ಗೇರಿಗಾದರೆ ಕಿವಿ ಬೇಕು, ಹಲ್ಲು ಚೆನ್ನಾಗಿದ್ದರೆ ಗೇರ್ ಕೋಲಿನ ನಡುಕವೇ ಅಂಗೈಗೆ ಎಲ್ಲ ಹೇಳುತ್ತದೆ. ಅಂಗೈಯಲ್ಲಿ ಕೇಳುವುದನ್ನು ಆಗಲೇ ಕಲಿಯುತ್ತಿದ್ದೇನೆ. ಈ ಗೇರ್‌ಬಾಕ್ಸು ಸದ್ದಿಲ್ಲದೆ ತಿರುಗಿದ ದಿನ ನೀನು ಶಾಲೆಗೆ. ಹೀಗೆ ಹೇಳಿ ಅವನು ನನ್ನ ತಲೆಯ ಮೇಲೆ ಕೈ ಇಟ್ಟ. ಎಣ್ಣೆಗೈ. ಅವ್ವ ಕೂದಲು ತೊಳೆಯಲು ಸೀಗೆಪುಡಿ ಸಾಲದೆ ಇಬ್ಬರನ್ನೂ ಬೈದಳು.

ನಾನು ಜೀವ ಬಿಟ್ಟು ದುಡಿದೆ. ಹಲ್ಲಿನ ಸಂದು ಸಂದನ್ನೂ ತೆಂಗಿನ ನಾರಿಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಬಿಚ್ಚಿದ ಕ್ರಮ ತಪ್ಪದ ಹಾಗೆ ಗೆರಸೆಯ ಮೇಲೆ ಜೋಡಿಸಿದೆ. ಕೋಳಿ ಬಂದು ಒಂದು ವಾಷರನ್ನು ಕುಕ್ಕಿದಾಗ ಅದನ್ನು ತೋಟದವರೆಗೆ ಅಟ್ಟಿಸಿಕೊಂಡು ಹೋದೆ. ಮಳೆಯಿಂದ ಶೆಡ್ಡಿನ ನೆಲ ಒದ್ದೆಯಾಗಿದ್ದರಿಂದ ಎಲ್ಲ ಅಡುಗೆಮನೆಗೆ ಬಂತು. ಬೇರಿಂಗನ್ನು ಶಾಫ್ಟಿಗೆ ಬಡಿದು ಹಾಕಬಾರದು, ಬಿಸಿ ಎಣ್ಣೆಯಲ್ಲಿ ಕಾಯಿಸಿದರೆ ಸ್ವಲ್ಪ ಹಿಗ್ಗಿ ತಾನಾಗಿ ಕೂರುತ್ತದೆ. ಅದಕ್ಕೆ ಬೇಕಾದ ಅಗಲದ ಪಾತ್ರೆ ಮನೆಯಲ್ಲಿ ಒಂದೇ, ಅವ್ವ ಅಕ್ಕಿತರಿಯ ಉಂಡೆ ಕಟ್ಟಿ ಕಡಂಬಿಟ್ಟು ಬೇಯಿಸುವುದು.

"ಕೇಳ್ತಾ? ಅದು ನನ್ನ ತವರಿಂದ ತಂದ ಪಾತ್ರೆ."

ಅಪ್ಪ ಒಲೆಯ ಕಡೆಗೇ ನೋಡುತ್ತಿದ್ದ. ಅವ್ವ ಸುತ್ತು ಹಾಕಿ ಅವನ ಮುಖದೆದುರು ಬಂದು ನಿಂತಳು.

"ಉಪ್ಪು ಹಾಕೊಕಾ ಅಂತ ಕೇಳ್ದೆ. ಬೆಂದ ಮೇಲೆ ನೀವೇ ತಿನ್ನಿ, ನಿಮ್ಗೂ ಹಲ್ಲು ಗಟ್ಟಿ ಆಗ್ಲಿ."

ಆ ಪಾತ್ರೆಯಲ್ಲಿ ಆಮೇಲೆ ಮಾಡಿದ ಕಡಂಬಿಟ್ಟುಗಳೆಲ್ಲ ಮೋಟಾರಿನ ರುಚಿಯವು. ಅವ್ವ ಹುಣಸೆ, ಬೂದಿ, ನಿಂಬೆ ಎಲ್ಲ ಹಾಕಿ ತಿಕ್ಕಿದಳು. ಹೋಗಲಿಲ್ಲ.

ಗೇರ್‌ಬಾಕ್ಸು ಕಾರಿಗೆ ಏರಿತು. ಹಿಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಕಾಲಡಿಯ ಹಲಗೆ ತೆಗೆದು, ಅಪ್ಪ ಇಂಜಿನ್ ಚಾಲೂ ಮಾಡಿದ. ನಮ್ಮಲ್ಲೊಂದು ಕಾಫಿ ಗಿಡದ ಕೋಲು ಇತ್ತು, ಮೊಳ ಉದ್ದದ್ದು, ಕೈಯಾಡಿ ನುಣ್ಣಗಾದದ್ದು. ಅದರ ಒಂದು ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಇನ್ನೊಂದನ್ನು ಕಿವಿಯ ಹತ್ತಿರದ ಮೂಳೆಗೆ ಹಿಡಿದರೆ ಒಳಗಿನದೆಲ್ಲ ಕೇಳುತ್ತದೆ. ಒಳ್ಳೆಯ ಗೇರು ಬೀಸುವ ಕಲ್ಲಿನ ಹಾಗೆ ಒಂದೇ ಸಮನೆ ಗುಂಯ್ ಎನ್ನುತ್ತದೆ. ನಾನು ಒಂದೊಂದೇ ಜಾಗಕ್ಕೆ ಕೋಲು ಇಟ್ಟೆ. ಎರಡನೇ ಗೇರು ಸರಿ, ಮೂರನೆಯದು ಸರಿ. ಹಿಂಬದಿಯ ಕೆಳಮೂಲೆಗೆ ಇಟ್ಟಾಗ, ಆ ಗುಂಯ್ ಅನ್ನುವುದರ ಕೆಳಗೆ, ಗುಬ್ಬಿ ಮೊರದಲ್ಲಿ ಅಕ್ಕಿ ಹೆಕ್ಕುವಂಥ ಸದ್ದು. ಟಿಕ್ ಟಿಕ್ ಟಿಕ್. ಅಪ್ಪ ಕ್ಲಚ್ ಒತ್ತಿದ, ಅದು ನಿಂತಿತು. ಬಿಟ್ಟ, ಮತ್ತೆ ಶುರುವಾಯಿತು. ಕ್ಲಚ್ ಒತ್ತಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಹೊಟ್ಟೆಯೊಳಗಿನದು ಎಂದು ನನಗೆ ಕಲಿಸಿದವನು ಅವನೇ. ಆ ಹಳೆಯ ಬೇರಿಂಗು.

ಅಪ್ಪ ಸೀಟಿನಿಂದ ಬಗ್ಗಿ ನನ್ನ ಬಾಯಿಯನ್ನೇ ನೋಡಿದ.

"ಸದ್ದುಟ್ಟಾ?"

ಸದ್ದು ಇದೆಯಾ ಎಂದು. ಉಟ್ಟು ಅಂದರೆ ಮತ್ತೆ ಬಿಚ್ಚಬೇಕು, ಮತ್ತೆ ಮಡಿಕೇರಿ, ಮತ್ತೆ ತಿಂಗಳುಗಟ್ಟಲೆ ಆ ಸೀಟು. ಗೋಡೆಯಾಚೆ ಅವ್ವ ತಮ್ಮನಿಗೆ ಜೋಗುಳ ಹಾಡುತ್ತಿದ್ದಳು. ನಾನು ತುಟಿಯನ್ನು ಚೆನ್ನಾಗಿ ಬಿಡಿಸಿ, ತಪ್ಪದೆ ಕಾಣುವ ಹಾಗೆ ಹೇಳಿದೆ.

"ಇಲ್ಲೆ."

ಅಪ್ಪ ಇಂಜಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಕೋಲು ಒತ್ತಿ ಕೆಂಪಾದ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕಿದ. ಆ ಸಂಜೆಯೇ ಸ್ಪ್ಯಾನರುಗಳನ್ನೆಲ್ಲ ತೊಳೆದು, ಗಂಧ ಹಚ್ಚಿ, ದೇವರ ಮೂಲೆಯಲ್ಲಿ ಕೋವಿಯ ಪಕ್ಕ ಇಟ್ಟ. ಕೈಲು ಮುಹೂರ್ತ ಹತ್ತಿರವಿತ್ತು. ಗದ್ದೆ ನಾಟಿ ಮುಗಿದ ಮೇಲೆ ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಹಬ್ಬ. ಅಲ್ಲಿಯವರೆಗೆ ಕೋವಿ ಮುಟ್ಟುವ ಹಾಗಿಲ್ಲ. ಅಪ್ಪನಿಗೆ ಗದ್ದೆಯೂ ಇರಲಿಲ್ಲ, ಬೇಟೆಯೂ ಇರಲಿಲ್ಲ. ಅವನ ಆಯುಧ ಸ್ಪ್ಯಾನರು. ಅವನ್ನೂ ಕೋವಿಯ ಜೊತೆಗೇ ಇಟ್ಟು, ಹಬ್ಬದ ದಿನ ಕೋವಿಯ ಬಾಯಿಗೆ ಕೆಂಪು ಹೂ ಸಿಕ್ಕಿಸಿ ಪೂಜೆಯಾದ ಮೇಲೇ ಎತ್ತುವುದು ಅವನ ನೇಮ.

ಹನ್ನೊಂದು ದಿನ ಶಾಲೆಗೆ ಹೋದೆ. ಮೊದಲ ದಿನ ಮೇಷ್ಟ್ರು ಮೂಗು ಮುಚ್ಚಿಕೊಂಡು, ಯಾರಪ್ಪ ಸೀಮೆಎಣ್ಣೆ ಚೆಲ್ಲಿದ್ದು ಎಂದರು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಅಲ್ಲಿ ಕೂತು ನಗುವುದೇ ನನಗೆ ದೊಡ್ಡದು. ಮಗ್ಗಿ ಹೇಳು ಎಂದಾಗ ಹದಿನೇಳು ಹಲ್ಲಿನ ಚಕ್ರ ಎರಡು ಸುತ್ತು ತಿರುಗಿದರೆ ಮೂವತ್ತನಾಲ್ಕು, ಮೂರು ಸುತ್ತಿಗೆ ಐವತ್ತೊಂದು ಎಂದೆ. ಮೇಷ್ಟ್ರು ಮೂಗಿನಿಂದ ಕೈ ತೆಗೆದರು.

ಒಂಬತ್ತನೆಯ ದಿನ ಗಂಜಿ ಕುಡಿಯುವಾಗ ಅಪ್ಪ ತನ್ನ ಬಲಗೈಯನ್ನು ಬಿಡಿಸಿ ನೋಡಿಕೊಳ್ಳುತ್ತಿದ್ದ.

"ಗೇರ್ ಕೋಲು ಹಿಡ್ದರೆ ಎಂತದೋ ಒಂದು ನಡುಕ. ನಿನ್ನೆಯಿಂದ."

"ಕೇಳ್ತಾ?" ಅವ್ವ ಅವನ ಮೊಣಕೈ ಜಗ್ಗಿದಳು. "ದೇವರ ಹತ್ರ ಇಟ್ಟ ಆಯುಧ ಈಗ ಎತ್ತಿಕೆ ಬೇಡಿ. ಹಬ್ಬಕ್ಕೆ ಮೂರೇ ದಿನ."

ಅಪ್ಪ ನನ್ನನ್ನು ಕರೆದುಕೊಂಡು ಶೆಡ್ಡಿಗೆ ಹೋದ. ಮತ್ತೆ ಹಲಗೆ ಎತ್ತಿದ, ಇಂಜಿನ್ ಚಾಲೂ ಮಾಡಿದ. ಈಗ ಗುಬ್ಬಿ ಅಲ್ಲ. ಕೋಳಿಯೇ ತಗಡು ಕುಕ್ಕುತ್ತಿತ್ತು. ಕೋಲು ಇಡದೆಯೂ ಕೇಳುತ್ತಿತ್ತು. ಆದರೂ ಇಟ್ಟೆ, ಸಮಯ ಬೇಕಿತ್ತು. ಮೂರು ದಿನ ಕಳೆದರೆ ಸ್ಪ್ಯಾನರುಗಳೇ ಹೊರಗೆ ಬರುತ್ತವೆ, ಆಗ ಹೇಳಿದರಾಯಿತು, ಈಗಷ್ಟೇ ಕೇಳಿಸಿತು ಎಂದರಾಯಿತು, ಅಲ್ಲಿಯವರೆಗೆ ಇನ್ನೂ ಮೂರು ದಿನ ಶಾಲೆ. ಹೀಗೆ ಲೆಕ್ಕ ಹಾಕಿದೆ.

"ಸದ್ದುಟ್ಟಾ, ಗೂಡೆ?"

"ಇಲ್ಲೆ."

"ಸರಿಯಾಗಿ ಕೇಳ್."

"ಇಲ್ಲೆ ಅಪ್ಪ."

ಅವನು ತನ್ನ ಅಂಗೈಯನ್ನು ಪಂಚೆಗೆ ಒರೆಸಿಕೊಂಡ, ತಪ್ಪು ಅಂಗೈಯದೇ ಎಂಬ ಹಾಗೆ.

ಎರಡು ದಿನ ಬಿಟ್ಟು, ಹಬ್ಬದ ಹಿಂದಿನ ದಿನ, ದೊರೆಯನ್ನೂ ದೊರೆಸಾನಿಯನ್ನೂ ಕೂರಿಸಿಕೊಂಡು ಅಪ್ಪ ಮಡಿಕೇರಿಯ ಕಡೆ ಏರು ಹತ್ತುತ್ತಿದ್ದಾಗ ಬೇರಿಂಗು ಒಡೆಯಿತು. ಶಾಫ್ಟು ಜರುಗಿ ಎರಡನೇ ಗೇರಿನ ಹಲ್ಲುಗಳು ಉದುರಿದವು. ಕಾರು ಹಿಂದಕ್ಕೆ ಜಾರಿತು. ಆ ಬ್ರೇಕು ಇಳಿಜಾರಿನಲ್ಲಿ ಅಷ್ಟು ಭಾರ ಹಿಡಿಯುವಂಥದ್ದಲ್ಲ. ಹಿಂದಿನ ಚಕ್ರಕ್ಕೆ ಕೊಡುವ ಮರದ ತುಂಡು ಪಕ್ಕದ ಸೀಟಿನಡಿಯಲ್ಲೇ ಇತ್ತು. ಜಿಗಿಯುವವಳು ಮೂರ್ನಾಡಿನಲ್ಲಿ ಸ್ಲೇಟು ಒರೆಸುತ್ತಿದ್ದಳು. ಅಪ್ಪ ಸ್ಟಿಯರಿಂಗ್ ತಿರುಗಿಸಿ ಕಾರಿನ ಹಿಂಭಾಗವನ್ನು ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿಸಿ ನಿಲ್ಲಿಸಿದ, ಅದರಿಂದ ಎಲ್ಲರ ಜೀವ ಉಳಿಯಿತು. ದೊರೆಸಾನಿಯ ಮಣಿಕಟ್ಟು ಮುರಿಯಿತು. ಹಿಂದಿನ ಸೀಟಿನಿಂದ ಅವಳು ಕಿರುಚುತ್ತಿದ್ದರೂ ಡ್ರೈವರ್ ತಿರುಗಿ ನೋಡದೆ ಇಳಿದು ಬಾನೆಟ್ಟಿನ ಕಡೆಗೆ ನಡೆದನಂತೆ. ಡ್ರೈವರಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿಯಲು ದೊರೆಗೆ ಅಷ್ಟು ಸಾಕಾಯಿತು.

ಸಂಜೆ ರೈಟರು ಬಂದು ಅಪ್ಪನ ಬೆನ್ನ ಹಿಂದೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದರು. ಅಪ್ಪ ತಿರುಗಲಿಲ್ಲ. ರೈಟರು ನನ್ನ ಕಡೆ ನೋಡಿದರು.

"ಈಗ ಯಾವ ಸದ್ದು ಕೇಳ್ತಿದ್ದಾನೆ ನಿನ್ನ ಅಪ್ಪ?"

ಅವರಿಗೆ ಸಂತೋಷವಾಗಿದ್ದಂತೆ ಕಾಣಲಿಲ್ಲ, ಅದನ್ನೂ ಹೇಳಬೇಕು. ತಲೆ ತಗ್ಗಿಸಿ, ಮನೆ ಬಿಡಲು ನಾಲ್ಕು ದಿನ ಎಂದು ಅವ್ವನಿಗೆ ಹೇಳಿ ಹೋದರು.

ಮಾರನೆಯ ದಿನ ಕೈಲು ಮುಹೂರ್ತ. ಅವ್ವ ಅಳುತ್ತಲೇ ಕಡಂಬಿಟ್ಟು ಮಾಡಿದಳು. ಅಪ್ಪ ಕೋವಿಗೆ ಹೂ ಸಿಕ್ಕಿಸಿದ, ಸ್ಪ್ಯಾನರುಗಳಿಗೆ ಆರತಿ ಎತ್ತಿದ, ಆಮೇಲೆ ಅವುಗಳನ್ನೇ ಎತ್ತಿಕೊಂಡು ಶೆಡ್ಡಿಗೆ ಹೋದ. ಎತ್ತುಗಳು ಎಳೆದು ತಂದಿದ್ದ ಕಾರು ಅಲ್ಲಿ ನಿಂತಿತ್ತು. ಯಾರೂ ಹೇಳದಿದ್ದರೂ ಗೇರ್‌ಬಾಕ್ಸಿನ ತಳದ ಬೋಲ್ಟು ಬಿಚ್ಚಿದ. ಎಣ್ಣೆಯ ಜೊತೆಗೆ ಚೂರುಗಳು ಡಬ್ಬಕ್ಕೆ ಬಿದ್ದವು. ಅದರಿಂದ ಒಡೆದ ಬೇರಿಂಗ್ ಗುಂಡೊಂದನ್ನು ಹೆಕ್ಕಿ, ನನ್ನನ್ನು ಕರೆದು, ಅಂಗೈಗೆ ಹಾಕಿದ. ಅರ್ಧ ಗುಂಡು. ಒಡೆದ ಮೈಯಲ್ಲಿ ಅರ್ಧದಷ್ಟು ಹಳೆಯ ಬಿರುಕಿನ ಕಪ್ಪು, ಮಿಕ್ಕದ್ದು ಹೊಸ ಬಿಳುಪು. ಹಳೆಯ ಬಿರುಕು ಎಷ್ಟು ದಿನದಿಂದ ಸದ್ದು ಮಾಡಿರಬೇಕು ಎಂದು ನೋಡಿದರೆ ಗೊತ್ತಾಗುತ್ತದೆ. ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

"ನನ್ನ ಕೈ ಉಟ್ಟು ಅಂತ್," ಅಂದ ಅಪ್ಪ. "ನೀ ಇಲ್ಲೆ ಅಂದೆ. ನಾ ನಿನ್ನ ನಂಬಿದೆ."

ಹೊಡೆಯಲಿಲ್ಲ. ಹೊಡೆದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಇಷ್ಟು ವರ್ಷಗಳಿಂದ ಅದನ್ನು ಹೇಳಿಕೊಳ್ಳುತ್ತಲೇ ಇದ್ದೇನೆ, ಅವನಿಗಲ್ಲ, ಗೋಡೆಗೆ. ಊರಿಗೆಲ್ಲ ಸುಳ್ಳು ಹೇಳಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ, ನಿನಗೊಬ್ಬನಿಗೆ ಮಾತ್ರ ನಿಜ ಹೇಳುತ್ತೇನೆ ಎಂದು ಹೇಗೆ ನಂಬಿದೆ? ನನ್ನ ಸ್ಲೇಟು ಕಿತ್ತುಕೊಂಡೆ, ಕಿವಿ ತೆಗೆದುಕೊಂಡೆ. ಎಂಟು ವರ್ಷದವಳ ಬಾಯಿಯ ಮೇಲೆ ಮನೆಯನ್ನೇ ಕಟ್ಟಿದೆ. ಅದು ಬಿದ್ದರೆ ತಪ್ಪು ಬಾಯಿಯದಾ? ಹೀಗೆಲ್ಲ ಹೇಳಿ ಮುಗಿಸಿದ ಮೇಲೆ ಆ ಮರದ ಹೊಟ್ಟು ನೆನಪಾಗುತ್ತದೆ. ಇವ ಡ್ರೈವರ್ ಅಲ್ಲ ಗೂಡೆ, ಕಳ್ಳ.

ಕಕ್ಕಬೆಯಲ್ಲಿ ಅವ್ವನ ಅಣ್ಣನ ಮನೆಯ ಹಿಂಭಾಗದ ಕೋಣೆ ಸಿಕ್ಕಿತು. ಶಾಲೆ ನನಗೆ ಅಲ್ಲಿಗೇ ಮುಗಿಯಿತು. ಅವ್ವ ಅತ್ತಿಗೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದಳು, ಅಪ್ಪ ಏಲಕ್ಕಿ ಕಾಡಿಗೆ ಕಾವಲು ಕೂತ. ಊಟಕ್ಕೆ ಅವನನ್ನು ಎಲ್ಲರಿಗಿಂತ ಕೊನೆಯಲ್ಲಿ ಕರೆಯುತ್ತಿದ್ದರು. ಕರೆದದ್ದು ಕೇಳುವುದಿಲ್ಲವಲ್ಲ, ನಾವೇನು ಮಾಡುವುದು ಎನ್ನುತ್ತಿದ್ದರು. ಯಾರಾದರೂ ಬೇಗ ಬೇಗ ಮಾತಾಡಿ ತುಟಿ ಹಿಡಿಯಲಾಗದಿದ್ದರೆ ಅವನು ಅವ್ವನ ಕಡೆ ನೋಡುವನು. ಅವ್ವ ಇಲ್ಲದಿದ್ದರೆ ಆಗಷ್ಟೇ ಮಾತು ಕಲಿತಿದ್ದ ತಮ್ಮನ ಕಡೆ. ನಾನು ಪಕ್ಕದಲ್ಲೇ ಇರುತ್ತಿದ್ದೆ.

ಏಳು ವರ್ಷದ ಮೇಲೆ, ನನ್ನ ಮದುವೆಯ ಮಾತು ನಡೆಯುತ್ತಿದ್ದಾಗ, ಸೋದರಮಾವನ ಪರಿಚಯದ ಒಬ್ಬರ ಲಾರಿ ನಮ್ಮ ಮನೆಯ ಏರಿನಲ್ಲೇ ನಿಂತಿತು. ಗೇರಿನಲ್ಲಿ ಏನೋ ತೊಂದರೆ. ನಿನ್ನ ಭಾವನಿಗೆ ಗೊತ್ತಲ್ಲ ಎಂದು ಯಾರೋ ಹೇಳಿದರು. ಅಪ್ಪ ಕಾವಲಿನಿಂದ ಇಳಿದು ಬಂದ. ಕೋಣೆಯೊಳಗೆ ಹೋಗಿ ಹಾಸಿಗೆಯ ಸುರುಳಿಯೊಳಗಿಂದ ಆ ಕಾಫಿ ಗಿಡದ ಕೋಲನ್ನು ತೆಗೆದ. ಅದು ಇನ್ನೂ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಕೈ ತೊಳೆದುಕೊಂಡು ನಾನೂ ಅಂಗಳಕ್ಕೆ ಬಂದು ನಿಂತೆ. ಇಂಜಿನ್ ಚಾಲೂ ಆಯಿತು. ಒಡೆದದ್ದು ಮೇಲಿನ ಶಾಫ್ಟಿನ ಮುಂದಿನ ಬೇರಿಂಗು ಎಂದು ನಿಂತಲ್ಲಿಂದಲೇ ನನಗೆ ತಿಳಿಯಿತು. ಅಪ್ಪ ಮೊಣಕಾಲೂರಿ ಕೋಲಿನ ಒಂದು ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿದ, ತಲೆ ಎತ್ತಿ ನನ್ನನ್ನು ನೋಡಿದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವನು ಕಣ್ಣು ಮುಚ್ಚಿ, ಕೋಲಿನ ಇನ್ನೊಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು, ನಡುಕ ಹಲ್ಲಿಗೆ ಬರುವುದನ್ನು ಕಾಯುತ್ತ ಕೂತ. ಬಹಳ ಹೊತ್ತು ಕೂತ. ನನ್ನ ಕಿವಿ ಎರಡು ಮಾರು ದೂರದಲ್ಲಿ ನಿಂತಿತ್ತು.